ಸೆಕೆಂಡ್‌ಹ್ಯಾಂಡ್ ಎಸ್‌ಯುವಿ: ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಿ

ಮಧ್ಯಮ ಗಾತ್ರದ, ಮನೆಮಂದಿಯೆಲ್ಲ ಕೂರಬಹುದಾದ ಬಳಸಿದ ಎಸ್‌ಯುವಿಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಎರಡು ಗಾಡಿ ನೋಡಿದ್ದೇವೆ, ಎರಡೂ ಪೆಟ್ರೋಲ್. ಒಂದಕ್ಕೆ ನಾಲ್ಕು ವರ್ಷ, 1,10,000 ಕಿ.ಮೀ. ಓಡಿದೆ, ಸರ್ವಿಸ್ ದಾಖಲೆ ಪೂರ್ತಿ ಇದೆ. ಇನ್ನೊಂದಕ್ಕೆ ಎಂಟು ವರ್ಷ, ಓಡಿರುವುದು 42,000 ಮಾತ್ರ, ಆದರೆ ದಾಖಲೆ ಇಲ್ಲ. ಕಡಿಮೆ ಓಡಿದ್ದೇ ಒಳ್ಳೆಯದಲ್ಲವೇ?

ಉತ್ತರ: ನಾವಾದರೆ ನಾಲ್ಕು ವರ್ಷದ್ದನ್ನೇ ಮೊದಲು ನೋಡುತ್ತೇವೆ. ಎಂಟು ವರ್ಷಕ್ಕೆ 42,000 ಎಂದರೆ ದಿನಕ್ಕೆ ಸರಾಸರಿ 14 ಕಿ.ಮೀ. ಹೋಗಲು ಏಳು, ಬರಲು ಏಳು ಎಂದಿಟ್ಟುಕೊಂಡರೆ ಎಂಜಿನ್ ಆಯಿಲ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಗಾಡಿ ನಿಂತಿರುತ್ತದೆ. ಒಳಗೆ ಕಟ್ಟಿದ ತೇವ, ಸಿಲಿಂಡರ್ ಗೋಡೆಯಿಂದ ಇಳಿದ ಪೆಟ್ರೋಲ್ ಎರಡೂ ಆವಿಯಾಗದೆ ಆಯಿಲ್‌ನಲ್ಲೇ ಉಳಿದು ಅದನ್ನು ಕೆಡಿಸುತ್ತವೆ. ಇಂಥ ಗಾಡಿಗೆ ಕಿಲೋಮೀಟರ್ ಆಗಲಿಲ್ಲವೆಂದು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದ್ದರೆ ಒಳಗೆ ಕೆಸರು ಕೂತಿರುವ ಸಾಧ್ಯತೆ ಹೆಚ್ಚು. ಅದೂ ಅಲ್ಲದೆ ರಬ್ಬರ್ ಬುಷ್, ಹೋಸ್, ಟೈರ್, ಎಂಜಿನ್ ತಣ್ಣಗಿಡುವ ಕೂಲಂಟ್, ಬ್ರೇಕ್ ಫ್ಲೂಯಿಡ್ ಇವೆಲ್ಲ ಗಾಡಿ ಓಡದಿದ್ದರೂ ಹಳೆಯದಾಗುತ್ತವೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುವುದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಇನ್ನು, 42,000 ಎಂಬ ಅಂಕಿಯೇ ನಿಜವೇ? ಬ್ರೇಕ್ ಪೆಡಲ್‌ನ ರಬ್ಬರ್ ಅಂಚು, ಸ್ಟಿಯರಿಂಗ್ ಚರ್ಮ, ಡ್ರೈವರ್ ಸೀಟಿನ ಬಾಗಿಲ ಕಡೆಯ ಉಬ್ಬು ನೋಡಿ. ಇಷ್ಟು ಕಡಿಮೆ ಓಟಕ್ಕೆ ಅವು ನುಣ್ಣಗೆ ಸವೆಯುವುದಿಲ್ಲ. ಟೈರ್ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಕಡಿಮೆ ಓಡಿದ ಗಾಡಿಯಲ್ಲಿ ಕಳೆದ ವರ್ಷದ ಟೈರ್‌ಗಳು ಈಗಾಗಲೇ ಅರ್ಧ ಸವೆದಿದ್ದರೆ ಲೆಕ್ಕ ಕೂಡುವುದಿಲ್ಲ. ಹಲವು ಮಾದರಿಗಳಲ್ಲಿ ಮೀಟರ್‌ ಅಲ್ಲದೆ ಬೇರೆ ಎಲೆಕ್ಟ್ರಾನಿಕ್ ಘಟಕಗಳೂ ಓಟದ ಲೆಕ್ಕ ಇಟ್ಟುಕೊಂಡಿರುತ್ತವೆ. ಒಳ್ಳೆಯ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಅವನ್ನು ಓದಿ ಹೋಲಿಸಬಲ್ಲರು.

1,10,000 ಓಡಿದ್ದಕ್ಕೆ ಬೇರೆ ಎಚ್ಚರಿಕೆ ಬೇಕು. ಗೇರ್‌ಬಾಕ್ಸ್ ಆಯಿಲ್, ಸ್ಪಾರ್ಕ್ ಪ್ಲಗ್, ಕೂಲಂಟ್, ಶಾಕ್ ಅಬ್ಸಾರ್ಬರ್‌ಗಳ ಸರದಿ ಇದೇ ಹೊತ್ತಿಗೆ ಬರುತ್ತದೆ. ಎಂಜಿನ್‌ಗೆ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್‌ ಜೊತೆ ಹೊಂದಿಸಿ ನಡೆಸುವ ಪಟ್ಟಿ) ಇದ್ದರೆ ಅದನ್ನು ಬದಲಿಸಿದ ಬಿಲ್ ಕೇಳಿ. ಬಾಯಿಮಾತು ಸಾಲದು: ಬಹುಪಾಲು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್‌ಗೆ ವಾಲ್ವ್ ಬಡಿದು ಬಾಗುತ್ತದೆ, ಎಂಜಿನ್ ಬಿಚ್ಚದೆ ಗತಿಯಿಲ್ಲ.

ಪ್ರಶ್ನೆ: ಗಾಡಿ ನೋಡಲು ಹೋದಾಗ ಯಾವುದರಿಂದ ಶುರು ಮಾಡಬೇಕು?

ಉತ್ತರ: ಹೋಗುವ ಮೊದಲೇ ಒಂದು ಮಾತು ಹೇಳಿಬಿಡಿ: ‘ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ.’ ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಯಾಕೆಂದು ಕೇಳಿ, ಇಲ್ಲವೇ ಇನ್ನೊಂದು ಬೆಳಿಗ್ಗೆ ಹೋಗಿ. ಎಂಜಿನ್‌ನ ಹುಳುಕುಗಳಲ್ಲಿ ಎಷ್ಟೋ ಕಾಣುವುದು ತಣ್ಣಗಿರುವಾಗಿನ ಮೊದಲ ನಿಮಿಷದಲ್ಲಿ.

ಮೊದಲು ಡಿಪ್‌ಸ್ಟಿಕ್, ಅಂದರೆ ಎಂಜಿನ್ ಆಯಿಲ್ ಮಟ್ಟ ತೋರಿಸುವ ಕಡ್ಡಿ. ಮಟ್ಟ ತಳದ ಗುರುತಿಗಿಂತ ಕೆಳಗಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಅಥವಾ ಮಾಲೀಕರು ನೋಡಿಯೇ ಇಲ್ಲ. ಮೇಲಿನ ಗುರುತನ್ನೂ ದಾಟಿ ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಬಂದರೆ ಇಂಧನ ಸೇರಿದೆ. ಆಯಿಲ್ ಕ್ಯಾಪ್ ಅಡಿಯಲ್ಲಿ ಹಾಲಿನ ಕೆನೆಯಂಥದ್ದು ಕಂಡರೆ ತಕ್ಷಣ ಹೆಡ್ ಗ್ಯಾಸ್ಕೆಟ್ (ಕೂಲಂಟ್, ಆಯಿಲ್ ಬೆರೆಯದಂತೆ ತಡೆಯುವ ಎಂಜಿನ್ ಸೀಲ್) ಹೋಗಿದೆ ಎನ್ನಬೇಕಿಲ್ಲ. ಚಳಿಯಲ್ಲಿ ಬರೀ ಹತ್ತಿರದ ಓಡಾಟ ಮಾಡಿದ ಗಾಡಿಯಲ್ಲೂ ತೇವ ಹಾಗೆ ಕಟ್ಟುತ್ತದೆ. ಆದರೆ ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣವಿದ್ದು ಕೂಲಂಟ್ ಮಟ್ಟ ಇಳಿದಿದ್ದರೆ ಅಲ್ಲಿಂದ ಹೊರಟುಬಿಡಿ. ಕೂಲಂಟ್ ಟ್ಯಾಂಕ್‌ನಲ್ಲಿ ತುಕ್ಕಿನ ಬಣ್ಣ ಅಥವಾ ಬಣ್ಣವೇ ಇಲ್ಲದ ನೀರು ಕಂಡರೂ ಅನುಮಾನಿಸಿ: ಎಲ್ಲೋ ಸೋರಿದ್ದಕ್ಕೆ ಬರೀ ನೀರು ತುಂಬಿಸುತ್ತ ಬಂದಿರುತ್ತಾರೆ. ಈ ಮುಚ್ಚಳವನ್ನು ಎಂಜಿನ್ ಬಿಸಿಯಿದ್ದಾಗ ತೆರೆಯಲೇಬೇಡಿ.

ಈಗ ಇಗ್ನಿಷನ್ ಆನ್ ಮಾಡಿ, ಸ್ಟಾರ್ಟ್ ಮಾಡದೆ ಮೀಟರ್ ನೋಡಿ. ಎಂಜಿನ್, ಎಬಿಎಸ್, ಏರ್‌ಬ್ಯಾಗ್ ದೀಪಗಳು ಹೊತ್ತಬೇಕು; ಎಬಿಎಸ್, ಏರ್‌ಬ್ಯಾಗ್ ದೀಪಗಳು ಕೆಲವು ಸೆಕೆಂಡಿನಲ್ಲಿ, ಎಂಜಿನ್ ದೀಪ ಸ್ಟಾರ್ಟ್ ಆದ ಮೇಲೆ ಆರಬೇಕು. ಏರ್‌ಬ್ಯಾಗ್ ದೀಪ ಹೊತ್ತಲೇ ಇಲ್ಲವೆಂದರೆ ಯಾರೋ ಅದನ್ನು ಬಾಯಿ ಮುಚ್ಚಿಸಿದ್ದಾರೆ. ಸ್ಟಾರ್ಟ್ ಮಾಡುವಾಗ ಒಬ್ಬರು ಸೈಲೆನ್ಸರ್ ಹಿಂದೆ ನಿಲ್ಲಲಿ, ಒಬ್ಬರು ಬಾನೆಟ್ ಹತ್ತಿರ. ಮೊದಲ ಎರಡು ಮೂರು ಸೆಕೆಂಡು ಸರಪಳಿ ಅಲುಗಿದಂಥ ಗಲಗಲ ಸದ್ದು ಬಂದು ನಿಂತರೆ ಟೈಮಿಂಗ್ ಚೈನ್ ಹಿಗ್ಗಿರಬಹುದು ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿರಬಹುದು. ‘ಚೈನ್ ಇದ್ದರೆ ಜೀವಮಾನವೆಲ್ಲ ಚಿಂತೆಯಿಲ್ಲ’ ಎಂಬ ಮಾತು ಆಯಿಲ್ ಸಮಯಕ್ಕೆ ಬದಲಿಸಿದವರಿಗೆ ಮಾತ್ರ ಅನ್ವಯ. ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ. ಕಪ್ಪಾಗಿದ್ದರೆ ಇಂಧನ ಹೆಚ್ಚಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ. ಬೆಳಗಿನ ತೆಳು ಬಿಳಿ ಹಬೆ ಸಹಜ; ಎಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ, ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಕೂಲಂಟ್ ಸಿಲಿಂಡರ್‌ಗೆ ಇಳಿಯುತ್ತಿದೆ.

ಓಡಿಸಿ ನೋಡುವುದಕ್ಕೆ ಕನಿಷ್ಠ ಅರ್ಧ ಗಂಟೆ ಇರಲಿ, ರೇಡಿಯೊ ಬಂದ್ ಇರಲಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆಯುವಾಗ ಟಕಟಕ ಸದ್ದು ಬಂದರೆ ಆಕ್ಸೆಲ್‌ನ ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ಮುಟ್ಟಿಸುವ ಕೀಲು). ವೇಗ ಏರಿದಂತೆ ಏರುವ ಗುಂಯ್ ಸದ್ದು ತಿರುವಿನಲ್ಲಿ ಹೆಚ್ಚುಕಡಿಮೆಯಾದರೆ ವೀಲ್ ಬೇರಿಂಗ್. ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗಿದರೆ ಮುಂದಿನ ಡಿಸ್ಕ್ ನೋಡಿ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತಾರೆ. ಎಸ್‌ಯುವಿಯ ತೂಕಕ್ಕೆ ಬುಷ್, ಲಿಂಕ್ ರಾಡ್, ಬ್ರೇಕ್ ಬೇಗ ಸವೆಯುತ್ತವೆ, ಇವು ಚೌಕಾಸಿಗೆ ಒದಗುವ ವಿಷಯಗಳೇ ಹೊರತು ಬಿಟ್ಟುಬರಲು ಕಾರಣವಲ್ಲ. ವಾಪಸ್ ಬಂದ ಮೇಲೆ ಎಸಿ ಹಾಕಿ ಹತ್ತು ನಿಮಿಷ ನಿಲ್ಲಿಸಿ; ತಾಪದ ಮುಳ್ಳು ಏರಬಾರದು, ರೇಡಿಯೇಟರ್ ಫ್ಯಾನ್ ತಿರುಗಬೇಕು. ಕೊನೆಗೆ ಆಫ್ ಮಾಡಿ ಬಿಸಿಯಲ್ಲೇ ಮತ್ತೆ ಸ್ಟಾರ್ಟ್ ಮಾಡಿ.

ಪ್ರಶ್ನೆ: ಆಟೊಮ್ಯಾಟಿಕ್‌ನಲ್ಲಿ ಯಾವ ಬಗೆ ಹಳೆಯದಾದ ಮೇಲೂ ನಂಬಿಕೆಗೆ ಅರ್ಹ?

ಉತ್ತರ: ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಮಾಮೂಲಿ ಆಟೊಮ್ಯಾಟಿಕ್. ಮೈಲೇಜ್ ಸ್ವಲ್ಪ ಕಡಿಮೆ ಕೊಟ್ಟೀತು, ಆದರೆ ಟ್ರಾಫಿಕ್‌ನಲ್ಲಿ ಭಾರದ ಗಾಡಿಯ ತೆವಳಾಟವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಬ್ರೇಕ್ ಒತ್ತಿ ಹಿಡಿದು ರಿವರ್ಸ್‌ಗೆ, ಡ್ರೈವ್‌ಗೆ ಹಾಕಿ: ಒಂದೆರಡು ಸೆಕೆಂಡಿನಲ್ಲಿ ಮೆತ್ತಗೆ ಹಿಡಿಯಬೇಕು, ಧಡ್ ಎನ್ನಬಾರದು. 50ರಿಂದ 80 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಉಬ್ಬುಪಟ್ಟಿ ಮೇಲೆ ಹೋದಂತೆ ನಡುಗಿದರೆ ಕನ್ವರ್ಟರ್‌ನ ಲಾಕಪ್ ಕ್ಲಚ್ ಕಡೆ ಬೊಟ್ಟು ಮಾಡಿ. ಆರಂಭದಲ್ಲೇ ಗಮನಿಸಿದ್ದರೆ ಆಯಿಲ್ ಬದಲಿಸಿದರೇ ಕೆಲವೊಮ್ಮೆ ಸರಿಹೋಗುತ್ತದೆ.

ಸಿವಿಟಿಯಲ್ಲಿ ಗೇರ್ ಬದಲು ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಅಥವಾ ಚೈನ್ ಇರುತ್ತದೆ. ಅದರ ಆಯಿಲ್ ಬೇರೆಯೇ. ಮಾಮೂಲಿ ಆಟೊಮ್ಯಾಟಿಕ್ ಆಯಿಲ್ ಸುರಿದವರು ಗೇರ್‌ಬಾಕ್ಸನ್ನೇ ಕಳೆದುಕೊಂಡಾರು. ಏರು ದಾರಿಯಲ್ಲಿ ಹತ್ತು ನಿಮಿಷ ಹತ್ತಿಸಿ ನೋಡಿ. ಕಿರ್ರೆಂಬ ಸದ್ದು, ಸ್ಥಿರ ವೇಗದಲ್ಲೂ ಏರಿಳಿಯುವ ಆರ್‌ಪಿಎಂ, ಇದ್ದಕ್ಕಿದ್ದಂತೆ ಕುಗ್ಗುವ ಶಕ್ತಿ ಇವು ಕೆಟ್ಟ ಲಕ್ಷಣಗಳು. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ನಲ್ಲಿ ಎರಡು ಕ್ಲಚ್ ಇರುತ್ತವೆ; ಆಯಿಲ್‌ನಲ್ಲಿ ಮುಳುಗಿರದ ಡ್ರೈ ಕ್ಲಚ್ ಬಗೆಗೆ ಟ್ರಾಫಿಕ್‌ನ ತೆವಳಾಟವೇ ಶತ್ರು: ಕ್ಲಚ್ ಅರ್ಧ ಹಿಡಿದು ಜಾರುತ್ತ ಬಿಸಿಯೇರುತ್ತದೆ. ನಡಿಗೆಯ ವೇಗದಲ್ಲಿ ಕುಲುಕುತ್ತದೆಯೇ ನೋಡಿ. ‘ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ’ ಎಂಬುದನ್ನು ನಂಬಬೇಡಿ. ಕಂಪನಿಯ ಕೈಪಿಡಿಯಲ್ಲಿ ಬೇರೆ ಲೆಕ್ಕ ಇಲ್ಲದಿದ್ದರೆ 60,000ರಿಂದ 80,000 ಕಿ.ಮೀ. ನಡುವೆ ಬದಲಿಸುವುದು ಕ್ಷೇಮ.

ಪ್ರಶ್ನೆ: ಮಕ್ಕಳನ್ನು ಶಾಲೆಗೆ ಬಿಡುವುದು, ಪೇಟೆಗೆ ಹೋಗುವುದು, ಇಷ್ಟೇ ನಮ್ಮ ಓಡಾಟ. ಡೀಸೆಲ್ ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಈಚಿನ ಡೀಸೆಲ್‌ಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ತುಂಬಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಸುಡುತ್ತದೆ. ಅದಕ್ಕೆ ಹತ್ತಿಪ್ಪತ್ತು ನಿಮಿಷದ ಒಂದೇ ಸಮನೆಯ ಓಟ ಬೇಕು. ಶಾಲೆಯ ಗೇಟಿನಲ್ಲಿ ಪ್ರತಿಸಲ ಅರ್ಧಕ್ಕೆ ನಿಂತರೆ ಫಿಲ್ಟರ್ ಕಟ್ಟುತ್ತದೆ, ಕಾಯಿಸಲೆಂದು ಹೆಚ್ಚುವರಿ ಚಿಮ್ಮಿಸಿದ ಡೀಸೆಲ್ ಆಯಿಲ್‌ಗೆ ಸೇರಿ ಮಟ್ಟ ಏರುತ್ತದೆ. ಬರೀ ಪೇಟೆಯಲ್ಲಿ ಓಡಿದ ಡೀಸೆಲ್ ಕೊಳ್ಳುವವರೂ ಇದನ್ನೇ ನೋಡಬೇಕು. ಫಿಲ್ಟರ್ ಕಿತ್ತುಹಾಕಿಸಿದ ಗಾಡಿಯನ್ನಂತೂ ಮುಟ್ಟಬೇಡಿ.

ಪ್ರಶ್ನೆ: ಸ್ಕ್ಯಾನರ್ ಹಾಕಿ ತೋರಿಸಿದರು, ಒಂದೂ ದೋಷ ಬರಲಿಲ್ಲ. ಇಷ್ಟು ಸಾಕಲ್ಲವೇ?

ಉತ್ತರ: ನೀವು ಬರುವ ಹತ್ತು ನಿಮಿಷ ಮೊದಲು ದೋಷಗಳನ್ನು ಅಳಿಸಿದ್ದರೂ ಪರದೆ ಹೀಗೇ ಶುಭ್ರವಾಗಿರುತ್ತದೆ. ಅದೇ ಸ್ಕ್ಯಾನರ್‌ನಲ್ಲಿ ‘ರೆಡಿನೆಸ್ ಮಾನಿಟರ್’ ಪುಟ ತೆಗೆಸಿ. ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮುಂತಾದ ಸ್ವಯಂ ತಪಾಸಣೆಗಳು ಮುಗಿದಿಲ್ಲ ಎಂದು ಹಲವು ಸಾಲುಗಳಲ್ಲಿ ಬಂದರೆ ಈಚೆಗಷ್ಟೇ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಅವು ಮುಗಿಯಲು ಪೇಟೆ, ಹೆದ್ದಾರಿ ಎರಡರಲ್ಲೂ ಕೆಲವು ದಿನ ಓಡಬೇಕು. ಆಮೇಲೆ ಮತ್ತೆ ನೋಡುತ್ತೇವೆ ಎನ್ನಿ. ಹಳೆ ಪೆಟ್ರೋಲ್ ಗಾಡಿಯಲ್ಲಿ ಮರಳಿ ಬರುವ ಪಿ0420, ಅಂದರೆ ಕನ್ವರ್ಟರ್ ದಕ್ಷತೆ ಕುಗ್ಗಿದೆ ಎಂಬ ಕೋಡ್, ದುಬಾರಿ ರಿಪೇರಿಯ ಮುನ್ಸೂಚನೆ.

ಪ್ರಶ್ನೆ: ಅಪಘಾತವಾಗಿದೆಯೇ, ನೀರಿನಲ್ಲಿ ಮುಳುಗಿದೆಯೇ ಎಂದು ಪತ್ತೆ ಹಚ್ಚುವುದು ಹೇಗೆ?

ಉತ್ತರ: ಬಂಪರ್‌ ಗೀರು, ಬಾಗಿಲ ತಗ್ಗು ಅಪಘಾತವಲ್ಲ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಚೌಕಟ್ಟಿಗೆ ಪೆಟ್ಟಾಗಿದೆಯೇ ಎಂಬುದು ಮುಖ್ಯ. ಬಾನೆಟ್ ಎತ್ತಿ ಫೆಂಡರ್ ಬೋಲ್ಟ್‌ಗಳ ತಲೆ ನೋಡಿ: ಸ್ಪ್ಯಾನರ್ ತಾಗಿ ಬಣ್ಣ ಎದ್ದಿದ್ದರೆ ಬಿಚ್ಚಿದ್ದಾರೆ. ಬಾಗಿಲ ರಬ್ಬರ್ ಎಳೆದು ಒಳಗಿನ ಸ್ಪಾಟ್ ವೆಲ್ಡ್ ಚುಕ್ಕಿಗಳು ಎರಡೂ ಕಡೆ ಒಂದೇ ಸಮವಿವೆಯೇ ಹೋಲಿಸಿ. ಸ್ಟೆಪ್ನಿ ಎತ್ತಿ ಡಿಕ್ಕಿಯ ತಳದ ತಗಡು ಸುಕ್ಕಾಗಿದೆಯೇ ನೋಡಿ. ಪೇಂಟ್ ದಪ್ಪ ಅಳೆಯುವ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು: ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 180 ಮೈಕ್ರಾನ್, 300 ದಾಟಿದರೆ ಮರುಬಣ್ಣ, 1,000ದ ಹತ್ತಿರವಾದರೆ ಕೆಳಗೆ ಪುಟ್ಟಿ. ಗಾಜುಗಳ ಮೂಲೆಯ ಗುರುತು ಓದಿ. ಯಾವುದೋ ಒಂದು ಗಾಜಿಗೆ ಮಾತ್ರ ಬೇರೆ ಕಂಪನಿ, ಬೇರೆ ವರ್ಷ ಇದ್ದರೆ ಆ ಕಡೆಯನ್ನು ಇನ್ನಷ್ಟು ಕೆದಕಿ.

ನೀರಿಗೆ ಸೀಟ್ ಬೆಲ್ಟ್ ಸಾಕ್ಷಿ. ಪೂರ್ತಿ ಹೊರಗೆಳೆದರೆ ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ, ಅಲ್ಲಿಯವರೆಗೆ ಯಾರೂ ತೊಳೆಯುವುದಿಲ್ಲ. ಸೀಟಿನ ಹಳಿ, ಅದರ ಬೋಲ್ಟ್‌ಗಳ ತುಕ್ಕು, ಕಾರ್ಪೆಟ್ ಅಡಿಯ ತೇವ, ಫ್ಯೂಸ್ ಬಾಕ್ಸ್‌ನ ಹಸಿರು ಕಿಲುಬು ನೋಡಿ. ಸೆಂಟ್ ವಾಸನೆ ಅತಿಯಾಗಿದ್ದರೆ ಕಿಟಕಿ ಮುಚ್ಚಿ ಐದು ನಿಮಿಷ ಒಳಗೆ ಕೂತಿರಿ. ಮುಳುಗಿದ ಗಾಡಿ ಎಷ್ಟೇ ಅಗ್ಗವಾಗಲಿ ಬೇಡ. ವೈರಿಂಗ್ ಕನೆಕ್ಟರ್‌ಗಳು ತಿಂಗಳುಗಟ್ಟಲೆ ಆದಮೇಲೆ ಒಂದೊಂದಾಗಿ ಕೈಕೊಡುತ್ತವೆ, ಆಗ ಮೂಗಿಗಿಂತ ಮೂಗುತಿ ಭಾರ.

ಪ್ರಶ್ನೆ: ಫೋರ್ ವೀಲ್ ಡ್ರೈವ್ ಬೇಕೇ?

ಉತ್ತರ: ಹಿಮ, ಕೆಸರು, ಮರಳಿನ ದಾರಿ ಇಲ್ಲದಿದ್ದರೆ ಬೇಡ. ಆಯಿಲ್ ಬದಲಿಸಬೇಕಾದ ಜಾಗಗಳು ಹೆಚ್ಚುತ್ತವೆ, ಅಷ್ಟೆ. ಕೊಳ್ಳುವುದೇ ಆದರೆ ನಾಲ್ಕೂ ಟೈರ್ ಒಂದೇ ಕಂಪನಿ, ಒಂದೇ ಅಳತೆ, ಸವೆತದಲ್ಲಿ 2-3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇಲ್ಲದಿರಲಿ. ಇಲ್ಲವಾದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ಮುಂದಿನ, ಹಿಂದಿನ ಚಕ್ರಗಳನ್ನು ಜೋಡಿಸುವ ನಡುವಿನ ಕಪ್ಲಿಂಗ್ ಸದಾ ಜಾರುತ್ತ ಸುಡುತ್ತದೆ.

ಪ್ರಶ್ನೆ: ಮಾದರಿಗೊಂದು ಹುಳುಕು ಇರುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜ. ಹೋಂಡಾ ಪೈಲಟ್‌ನ 3.5 ಲೀಟರ್ ವಿ6 ಗಟ್ಟಿ ಎಂಜಿನ್, ಆದರೆ ಅದಕ್ಕಿರುವುದು ಟೈಮಿಂಗ್ ಬೆಲ್ಟ್. ಸುಮಾರು 1,60,000 ಕಿ.ಮೀ.ಗೆ ವಾಟರ್ ಪಂಪ್, ಟೆನ್ಷನರ್ ಸಮೇತ ಬದಲಿಸಬೇಕು. 2011ರಿಂದ 2019ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್‌ನ 3.5 ವಿ6ನಲ್ಲಿ ವಾಟರ್ ಪಂಪ್ ಎಂಜಿನ್ ಒಳಗೇ ಇದ್ದು ಟೈಮಿಂಗ್ ಚೈನ್‌ನಿಂದ ತಿರುಗುತ್ತದೆ. ಸೀಲ್ ಸೋತರೆ ಕೂಲಂಟ್ ನೇರ ಆಯಿಲ್‌ಗೆ ಇಳಿಯಬಹುದು, ಪಂಪ್ ಬದಲಿಸಲು ಎಂಜಿನ್ ಮುಂಭಾಗ ಬಿಚ್ಚಬೇಕು. ಮೊದಲ ತಲೆಮಾರಿನ ಮಜ್ದಾ ಸಿಎಕ್ಸ್-9ಗೂ ಇದೇ ಕುಟುಂಬದ ಎಂಜಿನ್. ಇಂಥವು ಕೊಳ್ಳಲೇಬಾರದ ಗಾಡಿಗಳಲ್ಲ, ಎಲ್ಲಿ ನೋಡಬೇಕೆಂದು ತಿಳಿದು ಕೊಳ್ಳಬೇಕಾದವು.

ಮರೆಯದೆ ಮಾಡಬೇಕಾದದ್ದು ರೀಕಾಲ್ ತಪಾಸಣೆ, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಈ ಗಾಡಿಯನ್ನು ವಾಪಸ್ ಕರೆದಿದೆಯೇ ಎಂದು ನೋಡುವುದು. ತಕಾಟಾ ಎಂಬ ಕಂಪನಿಯ ಏರ್‌ಬ್ಯಾಗ್‌ಗಳನ್ನು ಉಬ್ಬಿಸುವ ಇನ್‌ಫ್ಲೇಟರ್‌ನಲ್ಲಿದ್ದ ಅಮೋನಿಯಂ ನೈಟ್ರೇಟ್ ಶಾಖ, ತೇವಕ್ಕೆ ಕೆಟ್ಟು, ಸಿಡಿಯುವಾಗ ಲೋಹದ ಚೂರುಗಳನ್ನು ಎಸೆಯುತ್ತಿತ್ತು. ಹಲವು ಕಂಪನಿಗಳ ಕೋಟ್ಯಂತರ ಗಾಡಿಗಳಿಗೆ ಅದು ತಟ್ಟಿತು, ಬದಲಿಸಿಕೊಳ್ಳದೆ ಉಳಿದವು ಇಂದಿಗೂ ಇವೆ. ಗಾಡಿಯ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಾದ ವಿಐಎನ್ ಅನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ ಬಾಕಿ ರೀಕಾಲ್ ಇದೆಯೇ ತಿಳಿಯುತ್ತದೆ. ಬಾಡಿಯ ಮೇಲೆ ಕೊರೆದದ್ದು, ಫಲಕದ ಮೇಲಿನದು, ಕಾಗದದಲ್ಲಿರುವುದು ಎಲ್ಲವೂ ಒಂದೇ ಆಗಿರಬೇಕು.

ಪ್ರಶ್ನೆ: ನಾವು ಆರು ಜನ, ಅದರಲ್ಲಿ ಇಬ್ಬರು ಚಿಕ್ಕ ಮಕ್ಕಳು. ಮೂರನೇ ಸಾಲು ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಗಾಡಿ ನೋಡಲು ಆರೂ ಜನ ಹೋಗಿ, ಮಕ್ಕಳ ಸೀಟುಗಳನ್ನೂ ಒಯ್ಯಿರಿ. ಮಕ್ಕಳ ಸೀಟು ಬಿಗಿಯುವ ಐಸೊಫಿಕ್ಸ್ ಕೊಂಡಿಗಳು ಹಲವು ಗಾಡಿಗಳಲ್ಲಿ ನಡುಸಾಲಿನ ಎರಡು ಅಂಚುಗಳಲ್ಲಿ ಮಾತ್ರ ಇರುತ್ತವೆ. ಅಲ್ಲಿ ಮಕ್ಕಳ ಸೀಟು ಬಿಗಿದ ಮೇಲೆ ನಡುಸಾಲು ಮಡಚಲು ಬಾರದೆ ಹಿಂದಿನವರಿಗೆ ಹತ್ತುವ ದಾರಿಯೇ ಮುಚ್ಚಿಹೋಗಬಹುದು. ದೊಡ್ಡವರೊಬ್ಬರು ಹಿಂದೆ ಕೂತು ಮೊಣಕಾಲು, ತಲೆ ತಾಗುತ್ತದೆಯೇ ನೋಡಲಿ, ಹಿಂದಿನ ಎಸಿ ಗಾಳಿ ಬರುತ್ತದೆಯೇ ಪರೀಕ್ಷಿಸಲಿ. ಪಕ್ಕದ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೆ ಬರುತ್ತದೆಯೇ ಎಂಬುದನ್ನು ಕೈಪಿಡಿಯಲ್ಲಿ ಓದಿ. ಮೂರನೇ ಸಾಲು ಎತ್ತಿದ ಮೇಲೆ ಲಗೇಜಿಗೆ ಉಳಿಯುವ ಜಾಗವನ್ನೂ ಕಣ್ಣಾರೆ ನೋಡಿ.

ಪ್ರಶ್ನೆ: ಗಾಡಿಗೆ ಸನ್‌ರೂಫ್ ಇದೆ, ಮುಂದಿನ ಕಾರ್ಪೆಟ್ ಒದ್ದೆ. ಗಾಜಿನ ರಬ್ಬರ್ ಬದಲಿಸಿದರೆ ಸಾಕೇ?

ಉತ್ತರ: ಬಹಳ ಸಲ ತಪ್ಪು ರಬ್ಬರಿನದಲ್ಲ. ರಬ್ಬರ್ ದಾಟಿ ಬಂದ ನೀರನ್ನು ಚೌಕಟ್ಟಿನ ಸುತ್ತಲ ಗಟಾರ ಹಿಡಿದು, ನಾಲ್ಕು ಮೂಲೆಯ ತೆಳು ಕೊಳವೆಗಳ ಮೂಲಕ ಕೆಳಗೆ ಬಿಡಬೇಕು. ಎಲೆ, ದೂಳು ಸೇರಿ ಕೊಳವೆ ಕಟ್ಟಿದಾಗ ನೀರು ಒಳಗೆ ಇಳಿಯುತ್ತದೆ. ಸನ್‌ರೂಫ್ ತೆರೆದು ಒಂದೊಂದು ಮೂಲೆಗೂ ಅರ್ಧ ಲೋಟ ನೀರು ನಿಧಾನಕ್ಕೆ ಸುರಿಯಿರಿ. ಗಾಡಿಯ ಕೆಳಗೆ ಬೇಗ ತೊಟ್ಟಿಕ್ಕಬೇಕು. ಕಟ್ಟಿದ್ದರೆ ಮೆತ್ತನೆಯ ನೈಲಾನ್ ತಂತಿ ತೂರಿಸಿ ಬಿಡಿಸಿ. ಜೋರಾಗಿ ಗಾಳಿ ಹೊಡೆಯಬೇಡಿ, ಒಳಗಿನ ಜೋಡಣೆ ಕಳಚಿಬಿಟ್ಟರೆ ಛಾವಣಿಯ ಬಟ್ಟೆ ಬಿಚ್ಚಬೇಕಾಗುತ್ತದೆ. ಎಸಿ ನೀರಿನ ಕೊಳವೆ ಕಟ್ಟಿದ್ದರೂ ಕಾರ್ಪೆಟ್ ಹೀಗೇ ನೆನೆಯುತ್ತದೆ, ಅದನ್ನೂ ನೋಡಿ. ಕಾರ್ಪೆಟ್ ಎತ್ತಿ ಅದರಡಿಯ ಸ್ಪಂಜ್ ಪೂರ್ತಿ ಒಣಗಿಸಿ. ಹಲವು ಗಾಡಿಗಳಲ್ಲಿ ವೈರಿಂಗ್ ಹಾದುಹೋಗುವುದು ಅದರ ಕೆಳಗೇ.