ಬೆಂಚಿನ ಇನ್ನೊಂದು ತುದಿಯ ಹುಡುಗ

ಬದಿಯಡ್ಕ ಕಡೆಯಿಂದ ಪತ್ರ ಬರೆದ ಸೋದರಿಗೆ,

ಎಂಟನೇ ಕ್ಲಾಸಿನಲ್ಲಿರುವ ನಿಮ್ಮ ಮಗ ಕೈವಾರದ ಮುಳ್ಳಿನಿಂದ ಡೆಸ್ಕಿನಲ್ಲಿ ನಾಜಿ ಗುರುತು ಕೊರೆದ. ಹೆಡ್‌ಮಾಷ್ಟ್ರು ನಿಮ್ಮನ್ನು ಕರೆಸಿ ಟಿ.ಸಿ. ಕೊಡುವ ಮಾತಾಡಿದರು, ಮನೆಯಲ್ಲಿ ಭಾವ "ಹೊಸ್ತಿಲಿನ ಸ್ವಸ್ತಿಕಕ್ಕೆ ಇಷ್ಟು ರಂಪವೇ?" ಅಂದರು. ಯಾರು ಹೇಳಿದ್ದು ಸರಿ ಎಂದು ಕೇಳಿದ್ದೀರಿ.

ಭಾವನವರ ಮಾತು ಒಪ್ಪಲಾರೆ. ನಾವು ಹೊಸ್ತಿಲಿಗೆ ಬರೆಯುವ ಸ್ವಸ್ತಿಕ ನೆಟ್ಟಗಿರುತ್ತದೆ, ಅದರೊಳಗಿನ ನಾಲ್ಕು ಮನೆಗಳಲ್ಲಿ ನಾಲ್ಕು ಬೊಟ್ಟು ಇಡುತ್ತೇವೆ. 1920ರಲ್ಲಿ ನಾಜಿ ಪಕ್ಷ ಬಾವುಟಕ್ಕೆ ಏರಿಸಿದ್ದು ಕೆಂಪು ಬಟ್ಟೆಯ ನಡುವೆ ಬಿಳಿ ವೃತ್ತದಲ್ಲಿ ಓರೆಯಾಗಿ ನಿಂತ ಕಪ್ಪು ಗುರುತು. ಜರ್ಮನರು ಅದನ್ನು ಕರೆಯುವುದು ಕೊಕ್ಕೆ ಶಿಲುಬೆ ಎಂದು. ಆ ಬಾವುಟದಡಿ ಕೊಂದದ್ದು ಸುಮಾರು 60 ಲಕ್ಷ ಯಹೂದಿಗಳನ್ನು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2022ರಲ್ಲಿ ನಾಜಿ ಗುರುತಿನ ಪ್ರದರ್ಶನ ನಿಷೇಧಿಸಿತು. ಅದೇ ಕಾನೂನಿನಲ್ಲಿ ಹಿಂದೂ, ಬೌದ್ಧ, ಜೈನರ ಸ್ವಸ್ತಿಕಕ್ಕೆ ಅಡ್ಡಿಯಿಲ್ಲ. ನಿಮ್ಮ ಮಗ ವೃತ್ತದೊಳಗೆ ಓರೆಯಾಗಿ ಕೊರೆದು ಕೆಳಗೆ ಹಿಟ್ಲರನ ಹೆಸರನ್ನೂ ಬರೆದಿದ್ದಾನೆ. ಹೊಸ್ತಿಲನ್ನು ಇಲ್ಲಿಗೆ ಎಳೆದು ತರುವುದು ಬೇಡ.

ಹಾಗೆಂದು ಟಿ.ಸಿ.ಯೂ ಆಗದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತೆಯೂ ಇಲ್ಲ. ಇದನ್ನು ಹೆಡ್‌ಮಾಷ್ಟ್ರಲ್ಲಿ ಮೆಲ್ಲಗೆ ಹೇಳಿ.

ನಿಮ್ಮ ಪತ್ರದ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ: ಕೊರೆದದ್ದು ಪಕ್ಕದ ಬ್ಯಾರಿ (ಮುಸ್ಲಿಂ) ಹುಡುಗನ ಕಡೆಗೆ, ಆ ಹುಡುಗ ಈಗ ಹಿಂದಿನ ಬೆಂಚಿಗೆ ಹೋಗಿದ್ದಾನೆ. ನನ್ನ ಮನಸ್ಸು ಅಲ್ಲಿಂದ ಕದಲಲಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಯಾರೋ ಬೋರ್ಡಿನ ಮೇಲೆ ನಮ್ಮ ಸಹಪಾಠಿಯೊಬ್ಬನ ಜಾತಿ ಬರೆದರು. ಮಾಷ್ಟ್ರು ಬಂದವರೇ ಒರಸಿದರು, ಬರೆದವನಿಗೆ ಎರಡು ಪೆಟ್ಟು ಕೊಟ್ಟು ಲೆಕ್ಕ ಶುರು ಮಾಡಿದರು. ಆ ಹುಡುಗನ ಹತ್ತಿರ ಯಾರೂ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಅವನು ಗೇರುಮರದ ಬುಡದಲ್ಲಿ ಒಬ್ಬನೇ ಬುತ್ತಿ ಬಿಚ್ಚಿದ. ನಾನು ಕಂಡೆ, ಹೋಗಲಿಲ್ಲ. ಈಗಲೂ ಅದು ಚುಚ್ಚುತ್ತದೆ.

ಮಗನಲ್ಲಿ ಗದರದೆ ಕೇಳಿ, ಇದನ್ನು ಎಲ್ಲಿ ನೋಡಿದೆ ಎಂದು. ಫೋನಿನ ಸ್ಟಿಕ್ಕರಿನಲ್ಲಿ ಅಂದಾನು. 1945ರ ಜನವರಿ 27ರಂದು ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರದ ಗೇಟು ತೆರೆದಾಗ ಸೋವಿಯತ್ ಸೈನಿಕರು ಕಂಡ ಜೀವಚ್ಛವಗಳ ಬಗ್ಗೆ ಅವನಿಗೆ ತಿಳಿದಿರಲಾರದು. ಕೂತು ಹೇಳಿ. ಶಾಲೆಯ ಒಪ್ಪಿಗೆ ಪಡೆದು, ಆ ಗುರುತನ್ನು ಸ್ಯಾಂಡ್‌ಪೇಪರ್ ಹಾಕಿ ಅವನೇ ಉಜ್ಜಲಿ, ನೀವೂ ಜೊತೆಗಿರಿ.

ಆ ಹುಡುಗನ ತಾಯಿಯ ಮುಖ ನೋಡಲು ನಾಚಿಕೆ ಎಂದಿದ್ದೀರಿ. ನಾಚಿಕೆ ಇದ್ದರೂ ಈ ಶನಿವಾರವೇ ಹೋಗಿ. ಕ್ಷಮಾಪಣೆ ಚೀಟಿ ಕಳುಹಿಸಬೇಡಿ, ಮಗನನ್ನು ಕರೆದುಕೊಂಡೇ ಹೋಗಿ. ಮಾತು ಅವನೇ ಶುರು ಮಾಡಲಿ.

– ಸಂಪಾದಕ