ಯಾರ್ಕ್‌ನಲ್ಲಿ ಗೇಟ್ ಎಂದರೆ ಬೀದಿ: ಒಂದು ಆಪ್ತಸಲಹೆ ಪ್ರಕರಣ

ಇಬ್ಬರೂ ಮೂವತ್ತರ ಆಸುಪಾಸಿನವರು, ಮದುವೆಯಾಗಿ ನಾಲ್ಕು ವರ್ಷ. ಗುರುತು ಸಿಗದಂತೆ ಊರು, ಉದ್ಯೋಗ ಬದಲಿಸಿ ಬರೆದಿದ್ದೇನೆ. ಕೆಲಸದ ಮೇಲೆ ದಕ್ಷಿಣ ಇಂಗ್ಲೆಂಡಿನ ಪಟ್ಟಣವೊಂದಕ್ಕೆ ಹೋಗಿ ಎಂಟು ತಿಂಗಳಾಗಿತ್ತು. ವಿಡಿಯೋ ಕರೆಯಲ್ಲಿ ಮೊದಲ ಭೇಟಿಗೆ ಕೂತಾಗ ಪತಿಯ ದೂರು ಒಂದೇ ಸಾಲು: “ಯಾರ್ಕ್‌ಗೆ ಹೋಗಿ ಬಂದಾಗಿಂದ ಸರಿಯಾಗಿ ಮಾತಾಡ್ತಿಲ್ಲ.” ಪತ್ನಿಯದೂ ಅಷ್ಟೇ: “ನಾನೇನು ಮಾತಾಡ್ಲಿ, ನಂಗೆ ದಾರಿ ಹೇಳೋಕೇ ಬರಲ್ವಲ್ಲ.”

ಯಾರ್ಕ್ ಉತ್ತರ ಇಂಗ್ಲೆಂಡಿನ ಹಳೆಯ ಕೋಟೆಯೂರು. ಎರಡು ದಿನದ ಪ್ರವಾಸ, ಬಾಡಿಗೆ ಕಾರು, ಎರಡು ಅನಾಹುತ. ಮೂರನೆಯದು ಫೋನಿನಲ್ಲಿ ನಡೆದದ್ದು. ಅದು ಹೊರಬರಲು ಎರಡನೇ ಭೇಟಿಯವರೆಗೆ ಕಾಯಬೇಕಾಯಿತು.

ಶನಿವಾರ ಮಧ್ಯಾಹ್ನದ್ದು ಮೊದಲನೆಯದು. ಹೆಸರುಗಳ ಮಟ್ಟಿಗೆ ಯಾರ್ಕ್ ಹೊಸಬರನ್ನು ಆಟ ಆಡಿಸುವ ಊರು. 866ರಲ್ಲಿ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದ ವೈಕಿಂಗರು ಊರನ್ನು ಹಿಡಿದು ನೆಲೆನಿಂತ ಮೇಲೆ ಅವರ ‘ಗಾಟಾ’ ಎಂಬ ಮಾತು ಅಲ್ಲೇ ಉಳಿಯಿತು. ಅದರ ಅರ್ಥ ಬೀದಿ. ಮಿಕ್ಲ್‌ಗೇಟ್, ಸ್ಕೆಲ್ಡರ್‌ಗೇಟ್, ಕಾಪರ್‌ಗೇಟ್ ಎಲ್ಲವೂ ಬೀದಿಗಳೇ. ಕೋಟೆಯ ನಿಜವಾದ ಬಾಗಿಲಿಗೆ ಅಲ್ಲಿ ‘ಬಾರ್’ ಅನ್ನುತ್ತಾರೆ: ಮಿಕ್ಲ್‌ಗೇಟ್ ಬಾರ್, ಬೂಥಮ್ ಬಾರ್, ಮಂಕ್ ಬಾರ್, ವಾಮ್‌ಗೇಟ್ ಬಾರ್. ಪತ್ನಿ ಮ್ಯಾಪ್ ನೋಡಿ “ಕಾಪರ್‌ಗೇಟ್‌ಗೆ ಹೋಗ್ಬೇಡ” ಅಂದರು. ಪತಿ ಕಲ್ಲಿನ ಕಮಾನು ಎಲ್ಲಿ ಬರುತ್ತದೆ ಎಂದು ನೋಡುತ್ತಲೇ ಇದ್ದರು. ಕಮಾನು ಬರಲಿಲ್ಲ. ಮುಂದೆ ಒಂದು ಬಸ್ಸಿತ್ತು, ಅದರ ಹಿಂದೆಯೇ ತಿರುಗಿಸಿದರು.

ಕಾಪರ್‌ಗೇಟ್‌ನಲ್ಲಿ ಖಾಸಗಿ ಕಾರುಗಳಿಗೆ ನಿರ್ಬಂಧವಿದೆ, ಕಾಯಲು ಕ್ಯಾಮೆರಾ ಇದೆ. ಇಂಥ ಜಾಗಗಳಿಗೆ ಬ್ರಿಟನ್ನಿನಲ್ಲಿ ‘ಬಸ್ ಗೇಟ್’ ಅನ್ನುತ್ತಾರೆ. ಅಲ್ಲೂ ಗೇಟ್ ಇರುವುದಿಲ್ಲ. ವಾಹನ ನಿಷೇಧದ ಫಲಕವೂ ಮೋಸ ಮಾಡುವಂಥದ್ದು. ಕೆಂಪು ಉಂಗುರದೊಳಗೆ ಮೇಲೆ ಬೈಕು, ಕೆಳಗೆ ಕಾರು, ಅಡ್ಡಗೆರೆ ಇಲ್ಲ. ಗೊತ್ತಿಲ್ಲದವರಿಗೆ ‘ಕಾರು, ಬೈಕು ಹೋಗಬಹುದು’ ಎಂದೇ ಕಾಣುತ್ತದೆ. ನಿಜಕ್ಕೂ ಅದು ಎರಡಕ್ಕೂ ಪ್ರವೇಶವಿಲ್ಲ ಎಂದು ಹೇಳುವ ಫಲಕ.

ಆ ಕ್ಷಣದಲ್ಲಿ ಆಡಿದ ಮಾತನ್ನು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆದು ತರಬೇಕೆಂದು ಕೇಳಿದೆ. ಹಾಳೆಗಳು ಹೆಚ್ಚುಕಡಿಮೆ ಒಂದೇ ರೀತಿ ಇದ್ದವು.

“ನೋಡ್ಕೊಂಡು ಹೇಳೋಕಾಗಲ್ವಾ?”
“ಹೇಳ್ದೆ. ನೀನು ಕೇಳಿಸ್ಕೊಳ್ಲಿಲ್ಲ.”
“ಗೇಟೇ ಬರ್ಲಿಲ್ವಲ್ಲೇ!”
“ಆಯ್ತು, ನಿಮಗೆ ತಿಳಿದ ಹಾಗೆ ಓಡಿಸಿ.”

ನಾಲ್ಕನೇ ಸಾಲು ನೋಡಿ. ಇವರು ಕಾಲೇಜಿನಿಂದ ‘ನೀನು’ ಎಂದೇ ಕರೆದುಕೊಂಡವರು. ಮೂರು ಸಾಲಿನೊಳಗೆ ‘ನೀವು’ ಬಂತು. ನಮ್ಮ ಮನೆಗಳಲ್ಲಿ ಬಹುವಚನ ಬಾಗಿಲು ಹಾಕಿಕೊಳ್ಳುವುದಕ್ಕೂ ಬಳಕೆಯಾಗುತ್ತದೆ. ಬೈಗುಳಕ್ಕಿಂತ ನಾನು ಗಮನ ಕೊಡುವುದು ಇದಕ್ಕೆ. ಆ ಸಂಜೆ ಕೋಟೆಗೋಡೆಯ ಮೇಲೆ ನಡೆದರು. ಸುತ್ತಳತೆ ಸುಮಾರು 3.4 ಕಿ.ಮೀ., ಕೆಲವೆಡೆ ಇಬ್ಬರು ಅಕ್ಕಪಕ್ಕ ನಡೆಯುವಷ್ಟೂ ಅಗಲವಿಲ್ಲ. ಪತಿ ಮುಂದೆ, ಪತ್ನಿ ಹಿಂದೆ. ಅಗಲವಿದ್ದ ಕಡೆಯೂ ಹಾಗೆಯೇ.

ಎರಡನೆಯದು ಭಾನುವಾರ, ವಾಪಸು ಹೊರಟಾಗ ಬಂಕಿನಲ್ಲಿ. ಊರಿನಲ್ಲಿ ಬಂಕಿನ ಹುಡುಗ ಹಾಕುತ್ತಾನೆ, ಅಲ್ಲಿ ನಾವೇ ಹಾಕಿಕೊಳ್ಳಬೇಕು. ಕಾರು ಡೀಸೆಲ್. ಪತಿ ಹಸಿರು ನಾಜಲ್ ಎತ್ತಿಕೊಂಡರು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಹಸಿರು ಪೆಟ್ರೋಲಿಗೆ, ಕಪ್ಪು ಡೀಸೆಲಿಗೆ. ಡೀಸೆಲ್ ನಾಜಲ್ ದಪ್ಪವಿರುವುದರಿಂದ ಪೆಟ್ರೋಲ್ ಕಾರಿನ ಬಾಯಿಗೆ ಸುಲಭವಾಗಿ ಹಿಡಿಯುವುದಿಲ್ಲ. ಪೆಟ್ರೋಲ್ ನಾಜಲ್ ಸಣ್ಣದು, ಡೀಸೆಲ್ ಕಾರಿಗೆ ಸಲೀಸಾಗಿ ಇಳಿಯುತ್ತದೆ. ತಪ್ಪು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಆಗುವುದು ಇದಕ್ಕೇ. ಎಂಟು ಲೀಟರ್ ಹೋಗುವಷ್ಟರಲ್ಲಿ ಪತ್ನಿ ಕಿಟಕಿಯಿಂದ ಬಣ್ಣ ನೋಡಿ ಕೂಗಿದರು. ಪತಿ “ಪಕ್ಕಕ್ಕೆ ತಗೊಂಡು ನೋಡೋಣ” ಎಂದು ಒಳಗೆ ಕೂರುವಷ್ಟರಲ್ಲಿ ಕೀ ಪತ್ನಿಯ ಕೈಯಲ್ಲಿತ್ತು.

ಅದು ಎಷ್ಟು ದೊಡ್ಡ ಕೆಲಸ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಡೀಸೆಲ್ ಎಂಜಿನ್ನಿನ ಹೈಪ್ರೆಶರ್ ಪಂಪಿಗೆ ಡೀಸೆಲೇ ಜಿಡ್ಡು. ಪೆಟ್ರೋಲ್ ಆ ಜಿಡ್ಡನ್ನು ತೆಳುಮಾಡುತ್ತದೆ. ಲೋಹ ಲೋಹಕ್ಕೆ ಉಜ್ಜಿ ಏಳುವ ಪುಡಿ ಇಂಜೆಕ್ಟರ್‌ವರೆಗೂ ಹೋಗುತ್ತದೆ. ಎಂಜಿನ್ ಚಾಲೂ ಆಗದಿದ್ದರೆ ಟ್ಯಾಂಕ್ ಖಾಲಿ ಮಾಡಿಸುವ ಖರ್ಚಿನಲ್ಲಿ ಮುಗಿಯುತ್ತದೆ. ಇಗ್ನಿಷನ್ ಕೂಡ ಆನ್ ಮಾಡಬಾರದು, ಕೆಲವು ಕಾರುಗಳಲ್ಲಿ ಅಷ್ಟಕ್ಕೇ ಟ್ಯಾಂಕಿನ ಪಂಪು ತಿರುಗುತ್ತದೆ. ಬಂಕಿನವರಿಗೆ ಹೇಳಿ, ನ್ಯೂಟ್ರಲ್‌ನಲ್ಲಿ ತಳ್ಳಿ, ಬಾಡಿಗೆ ಕಂಪನಿಗೆ ಫೋನ್ ಮಾಡಬೇಕು. ಬಾಡಿಗೆ ವಿಮೆ ಸಾಮಾನ್ಯವಾಗಿ ಇದಕ್ಕೆ ಒದಗುವುದಿಲ್ಲ. ಪತ್ನಿ ಕೀ ಕಿತ್ತುಕೊಂಡದ್ದು ಇಡೀ ಪ್ರವಾಸದ ಅತ್ಯಂತ ಬೆಲೆಬಾಳುವ ಐದು ಸೆಕೆಂಡು. ಪತಿಯ ಹಾಳೆಯಲ್ಲಿ ಆ ವಾಕ್ಯವೇ ಇರಲಿಲ್ಲ. “ಅದು ಸರಿಹೋಯ್ತಲ್ಲ, ಅದಕ್ಕೇ ಬರೀಲಿಲ್ಲ” ಅಂದರು.

ಫೋನಿನ ವಿಷಯ ಹೀಗೆ. ಶನಿವಾರ ರಾತ್ರಿ ಪತಿ ಸ್ಪೀಕರ್ ಹಾಕಿ ತಾಯಿಯೊಂದಿಗೆ ಮಾತಾಡುತ್ತ, ನಗುತ್ತಲೇ, “ಇವಳು ಮ್ಯಾಪ್ ಹಿಡಿದ್ರೆ ಅಷ್ಟೇ ಅಮ್ಮ, ದಂಡ ಗ್ಯಾರಂಟಿ” ಅಂದಿದ್ದರು. ಆ ಕಡೆಯಿಂದ ಅತ್ತೆ, “ಅವನು ಗಾಡಿ ಓಡಿಸೋವಾಗ ತಲೆ ತಿನ್ಬೇಡ ಕಣಮ್ಮ” ಅಂದರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಇಂಗ್ಲೆಂಡಿನ ಜಂಕ್ಷನ್ನಿನಲ್ಲಿ ಅರ್ಧ ನಿಮಿಷದಲ್ಲಿ ಆದ ತಪ್ಪಿಗೆ ಊರಿನಲ್ಲಿ ತೀರ್ಪು ಬಂದುಬಿಟ್ಟಿತು, ಅದೂ ಒಬ್ಬರ ಹೇಳಿಕೆ ಮಾತ್ರ ಕೇಳಿ.

ಸಲಹೆಗೆ ಮುಂಚೆ ಇಬ್ಬರನ್ನೂ ಪ್ರತ್ಯೇಕವಾಗಿ ಒಂದು ಪ್ರಶ್ನೆ ಕೇಳಿದೆ: ಸಿಟ್ಟು ಬಂದಾಗ ಕಾರಿನ ವೇಗ ಏರುತ್ತದೆಯೇ, ನಡುದಾರಿಯಲ್ಲಿ ಇಳಿಸುವ ಬೆದರಿಕೆ ಬಂದಿದೆಯೇ? ಉತ್ತರ ಹೌದಾಗಿದ್ದರೆ ಜೋಡಿಯಾಗಿ ಕೂರಿಸಿ ಹೇಳುವ ಮುಂದಿನ ಯಾವುದೂ ಹೊಂದುವುದಿಲ್ಲ. ಅಲ್ಲಿ ಮೊದಲ ಮಾತು ಸುರಕ್ಷತೆಯದು. ಇವರಲ್ಲಿ ಹಾಗಿರಲಿಲ್ಲ.

ಇವರ ತೊಡಕು ಕೆಲಸದ ಹಂಚಿಕೆಯದು. ಬ್ರಿಟನ್ನಿನಲ್ಲಿ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದರೆ 200 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪಾಯಿಂಟ್. ಫೋನ್ ಪತ್ನಿಯ ಕೈಗೆ ಬಂದದ್ದು ಸರಿಯೇ. ಆದರೆ ತಿರುಗಿಸುವ ಅಧಿಕಾರ ಒಬ್ಬರದು, ತಪ್ಪಿದರೆ ಹೊಣೆ ಇನ್ನೊಬ್ಬರದು ಎಂದಾಗಿತ್ತು. ಪತ್ನಿಗೂ ಭಾರತದ ಲೈಸೆನ್ಸ್ ಇದೆ. ವಾಸಕ್ಕೆ ಹೋದ 12 ತಿಂಗಳವರೆಗೆ ಅದು ನಡೆಯುತ್ತದೆ. ಎರಡನೇ ಚಾಲಕರ ಶುಲ್ಕ ಉಳಿಸಲು ಪತಿಯ ಹೆಸರೊಂದನ್ನೇ ಬರೆಸಿದ್ದರು. ಮುಂದಿನ ಸಲ ಆ ಶುಲ್ಕ ಕಟ್ಟಿ, ಎರಡು ಗಂಟೆಗೊಮ್ಮೆ ಸೀಟು ಬದಲಿಸಿ ಎಂದೆ. ಮ್ಯಾಪ್ ಹಿಡಿದು ಕೂತರೆ ಗೊತ್ತಾಗುತ್ತದೆ.

ದಾರಿ ಹೇಳುವುದಕ್ಕೂ ಕ್ರಮ ಕೊಟ್ಟೆ. ದೂರ, ಬದಿ, ಕಣ್ಣಿಗೆ ಬೀಳುವ ಗುರುತು, ಇಷ್ಟೇ: “ಇನ್ನೂರು ಗಜ, ಎಡ, ಚರ್ಚ್ ಆದ್ಮೇಲೆ.” ಬೀದಿಯ ಹೆಸರು ಬೇಡ, ಅದನ್ನು ಓದುವಷ್ಟು ಹೊತ್ತು ಚಾಲಕರಿಗೆ ಇರುವುದಿಲ್ಲ. ರೌಂಡಬೌಟ್ ಬಂದರೆ ಎಡದಿಂದ ಎಣಿಸಿ “ಮೂರನೇ ದಾರಿ”. ಚಾಲಕರು ‘ಎಡ’ ಎಂದು ತಿರುಗಿ ಹೇಳಬೇಕು. ಹೇಳದಿದ್ದರೆ ಕೇಳಿಸಿಲ್ಲ ಎಂದೇ ಲೆಕ್ಕ, ಮತ್ತೆ ಹೇಳಬೇಕು. ಇದನ್ನು ಮನೆ ಹತ್ತಿರದ ದಾರಿಯಲ್ಲಿ ಅಭ್ಯಾಸ ಮಾಡಿದರು. ಪತಿಗೆ ಮೊದಲು ಶಾಲೆಯ ಹುಡುಗನಂತೆ ಅನಿಸಿತಂತೆ. ಅನಿಸಲಿ.

ಹಳೆಯ ಊರೊಳಗೆ ಕಾರು ಒಯ್ಯುವುದೇ ಬೇಡ ಎಂದೂ ಹೇಳಿದೆ. ಯಾರ್ಕ್ ಸುತ್ತ ಆಸ್ಕಮ್ ಬಾರ್, ಪಾಪಲ್‌ಟನ್ ಬಾರ್, ಗ್ರಿಮ್‌ಸ್ಟನ್ ಬಾರ್ ಮುಂತಾದ ಕಡೆ (ಹೆಸರು ಬಾರ್ ಆದರೂ ಇವು ಕೋಟೆಬಾಗಿಲಲ್ಲ) ಪಾರ್ಕ್ ಅಂಡ್ ರೈಡ್ ಇದೆ. ಕಾರು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಒಳಗೆ ಹೋಗಬಹುದು. ರಾತ್ರಿ ಬಿಡಲು ಅವಕಾಶವಿದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಚಕ್ರ ತಿರುಗುತ್ತಿರುವಾಗ ತಪ್ಪು ಯಾರದು ಎಂಬ ಚರ್ಚೆ ಇಲ್ಲ. ಎದೆ ಡವಗುಟ್ಟುವಾಗ ಕಿವಿಗೆ ಅರ್ಧ ಮಾತು ಬಿದ್ದರೆ ಹೆಚ್ಚು. ದೇಹ ತಣ್ಣಗಾಗಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು. ಮೋಟಾರ್‌ವೇ ಪಕ್ಕದ ಪಟ್ಟಿಯಲ್ಲಿ ಜಗಳಕ್ಕೆ ನಿಲ್ಲಿಸುವಂತಿಲ್ಲ, ಅದು ತುರ್ತಿಗೆ ಮಾತ್ರ. ಮುಂದಿನ ಸರ್ವಿಸಸ್‌ನಲ್ಲಿ, ಅಂದರೆ ಮೋಟಾರ್‌ವೇ ಬದಿಯ ತಂಗುದಾಣದಲ್ಲಿ, ನಿಲ್ಲಿಸಿ, ಬೇರೆ ಬೇರೆ ಟೀ ಕುಡಿಯಿರಿ ಎಂದೆ. ಅಲ್ಲಿ ಪಾರ್ಕಿಂಗ್ ಸಾಮಾನ್ಯವಾಗಿ ಎರಡು ಗಂಟೆ ಉಚಿತ. ಜಗಳ ಅದಕ್ಕಿಂತ ಉದ್ದವಾದರೆ ಅದಕ್ಕೂ ನೋಟಿಸ್ ಬರುತ್ತದೆ.

ದಂಡದ ಬಗ್ಗೆ ಒಂದು ಎಚ್ಚರಿಕೆ ಕೊಡಬೇಕಾಯಿತು. ಬಾಡಿಗೆ ಕಾರಿನ ನೋಟಿಸ್ ಮೊದಲು ಕಂಪನಿಗೆ ಹೋಗುತ್ತದೆ, ಅವರ ಶುಲ್ಕದ ಜೊತೆ ವಾರಗಳ ನಂತರ ನಿಮ್ಮ ಬಾಗಿಲಿಗೆ ಬರುತ್ತದೆ. ತಣ್ಣಗಾದ ಜಗಳ ಅಂಚೆಯಲ್ಲಿ ಮತ್ತೆ ಬರುತ್ತದೆ. ಕೌನ್ಸಿಲ್‌ನ (ಅಲ್ಲಿನ ಸ್ಥಳೀಯ ಆಡಳಿತದ) ಬಸ್ ಲೇನ್ ದಂಡವನ್ನು ನೋಟಿಸಿನಲ್ಲಿ ಹೇಳಿದ ಗಡುವಿನೊಳಗೆ ಬೇಗ ಕಟ್ಟಿದರೆ ಅರ್ಧ, ಆದ್ದರಿಂದ ಮೌನವ್ರತಕ್ಕೂ ಬೆಲೆಯಿದೆ. ಪ್ರತಿ ಪ್ರವಾಸಕ್ಕೂ ‘ತಪ್ಪಿನ ಕಾಸು’ ಎಂದು ಜಂಟಿ ಖಾತೆಯಲ್ಲಿ ಒಂದು ಮೊತ್ತ ತೆಗೆದಿಡಿ, ಯಾರ ತಪ್ಪಾದರೂ ಅದರಿಂದಲೇ ಹೋಗಲಿ ಎಂದೆ.

ಕೊನೆಯದು ಪತಿಗೆ ಮಾತ್ರ ಹೇಳಿದ್ದು. ಮಾಡಿದ ಫೋನಿಗೆ ಇನ್ನೊಂದು ಫೋನೇ ಪರಿಹಾರ. ಕ್ಷಮೆ ಕೇಳುವ ಭಾಷಣ ಬೇಡ, ಬಂಕಿನ ಕಥೆ ಹೇಳಿದರೆ ಸಾಕು. ಒಂದು ವಾರ ತಡಮಾಡಿ, ಸ್ಪೀಕರ್ ಹಾಕಿಯೇ ಹೇಳಿದರಂತೆ: “ಅಮ್ಮ, ಅವತ್ತು ಇವಳು ಕೀ ಕಿತ್ಕೊಳ್ದೇ ಇದ್ದಿದ್ರೆ ಎಂಜಿನ್ ಹೋಗ್ತಿತ್ತು.” ಅತ್ತೆ ಕೇಳಿದ್ದು, “ಹಸಿರು ಪೈಪು ಅಂತ ನಿಂಗೆ ಕಾಣ್ಸಲಿಲ್ವೇನೋ?”

ನಾಲ್ಕನೇ ಭೇಟಿಯ ಹಿಂದಿನ ದಿನ ನೋಟಿಸ್ ಬಂದಿತ್ತು. ಲಕೋಟೆ ಒಡೆದದ್ದು ಪತ್ನಿ. ಯಾರ್ಕ್‌ಗೆ ಹೋದಾಗ ತಪ್ಪಿನ ಕಾಸು ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ಈ ದಂಡ ಅದಕ್ಕೆ ಸೇರುತ್ತದೆಯೇ ಎಂಬ ವಾದ ಕ್ಯಾಮೆರಾ ಮುಂದೆಯೇ ಹತ್ತು ನಿಮಿಷ ನಡೆಯಿತು. ಎರಡೂ ಕಡೆ ಏಕವಚನವೇ ಇತ್ತು. ಅರ್ಧ ಮೊತ್ತ ಕಟ್ಟಲು ಇನ್ನೂ ಒಂಬತ್ತು ದಿನವಿತ್ತು.