ಚಿನ್ನದ ಔಷಧಿಗೆ ಕಾಯಬಹುದೇ?

ಪ್ರಶ್ನೆ: ಅಪ್ಪನಿಗೆ 62 ವರ್ಷ. ತೊಗರಿ ಹೊಲದಲ್ಲಿ ಬರಿಗಾಲಲ್ಲೇ ದುಡಿದವರು. ಬಲ ಅಂಗಾಲಿನ ಕಪ್ಪು ಮಚ್ಚೆಯೊಂದು ಐದು ತಿಂಗಳಿಂದ ಹರಡುತ್ತಿದೆ. ಈಗ ಅಂಚಿನಲ್ಲಿ ನೀರು ಒಸರುತ್ತಿದೆ. ಚರ್ಮದ ಕ್ಯಾನ್ಸರಿಗೆ ಚಿನ್ನದ ನ್ಯಾನೊ ಔಷಧಿ ಬರುತ್ತಿದೆ ಎಂದು ಮೊಬೈಲಿನಲ್ಲಿ ಓದಿದೆ. ಶಸ್ತ್ರಚಿಕಿತ್ಸೆಗಿಂತ ಅದಕ್ಕೆ ಕಾಯುವುದು ಒಳ್ಳೆಯದೇ? ಸ್ವರ್ಣಭಸ್ಮವೂ ಅದೇ ಎಂದು ಊರಿನವರೊಬ್ಬರು ಹೇಳುತ್ತಾರೆ.
– ಓದುಗ, ಸುರಪುರ ತಾಲ್ಲೂಕು

ಉತ್ತರ: ಕಾಯಬೇಡಿ. ಈ ವಾರವೇ ಅಪ್ಪನವರನ್ನು ಕಲಬುರಗಿಗೆ ಕರೆತನ್ನಿ. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಇಲ್ಲಿಯೇ ಇದೆ. ಮೊದಲು ಬಯಾಪ್ಸಿ, ಅಂದರೆ ಮಚ್ಚೆಯ ತುಣುಕು ತೆಗೆದು ಮಾಡುವ ಪರೀಕ್ಷೆ, ಆಗಲಿ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್ ಆದ ಮೆಲನೋಮಾ ಎಂದಾದರೆ ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಬಹಳ ಮುಖ್ಯ. 1 ಮಿಲಿಮೀಟರಿನೊಳಗೆ ಇದ್ದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯೇ ಸಾಕಾಗುತ್ತದೆ. ನಮ್ಮ ಜನರಲ್ಲಿ ಇದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ. ಮುಳ್ಳು ಚುಚ್ಚಿದ ಗುರುತೆಂದು ಸುಮ್ಮನಿದ್ದು, ತೊಡೆಸಂದಿನಲ್ಲಿ ಗಡ್ಡೆ ಎದ್ದ ಮೇಲೆ ಬಂದವರನ್ನು ನೋಡಿ ನನ್ನ ಕರುಳು ಹಿಂಡಿದೆ.

ಚಿನ್ನದ ಸಂಶೋಧನೆ ಸುಳ್ಳಲ್ಲ. ಪ್ರಯೋಗಾಲಯವೊಂದರಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ: ಗಾಜಿನ ನಳಿಕೆಯಲ್ಲಿ ಹಳದಿಯ ಸುಳಿವೇ ಇಲ್ಲ, ದಾಳಿಂಬೆ ರಸದಂಥ ಕೆಂಪು. ಕಣಗಳು 20 ನ್ಯಾನೊಮೀಟರಿನಷ್ಟು (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು) ಸಣ್ಣದಾದಾಗ ಚಿನ್ನ ಹೀಗೆ ಕಾಣುತ್ತದೆ. ಕಡ್ಡಿಯಾಕಾರದ ಕಣಗಳಂತೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೀರಿ ಬಿಸಿಯಾಗುತ್ತವೆ. ಅವು ಗಡ್ಡೆಯೊಳಗಿದ್ದು, ಅದರ ಬಿಸಿ 42 ಡಿಗ್ರಿ ಸೆಲ್ಸಿಯಸ್ ದಾಟಿ ಸಾಕಷ್ಟು ಹೊತ್ತು ನಿಂತರೆ ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಚರ್ಮದ ಗಡ್ಡೆಗೆ ಬೆಳಕು ಸುಲಭವಾಗಿ ತಲುಪುತ್ತದೆ, ಆದ್ದರಿಂದಲೇ ಇಲ್ಲಿ ಆಸೆ ಹೆಚ್ಚು. ಆದರೆ ರಕ್ತಕ್ಕೆ ಕೊಟ್ಟ ಕಣಗಳಲ್ಲಿ ಬಹುಪಾಲನ್ನು ಯಕೃತ್ತು, ಗುಲ್ಮಗಳೇ ನುಂಗಿಬಿಡುತ್ತವೆ. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು 2016ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದಾಗ, ಗಡ್ಡೆಯನ್ನು ಮುಟ್ಟಿದ್ದು ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಉಳಿದ ಚಿನ್ನ ಕರಗುವುದಿಲ್ಲ, ತಿಂಗಳುಗಟ್ಟಲೆ ಒಳಗೇ ಕೂರುತ್ತದೆ. ಈ ತೊಡಕು ಬಿಡಿಸುವ ತನಕ ನಿಮ್ಮ ತಂದೆಯವರ ಮಚ್ಚೆ ಕಾಯುವುದಿಲ್ಲ.

ಭಸ್ಮ ಅದೇ ಅಲ್ಲ. ಪ್ರಯೋಗಾಲಯದ ಆ ಚಿನ್ನದ ಕಣಗಳಿಗೆ ಅಳತೆ, ಆಕಾರ, ಹೊದಿಕೆ ನಿಗದಿಯಾಗಿರುತ್ತದೆ, ಮೇಲಿಂದ ಲೇಸರ್ ಬೆಳಕು ಬೀಳಬೇಕು. ಭಸ್ಮ ನುಂಗಿದರೆ ಅಂಗಾಲಿನಲ್ಲಿ ಇದಾವುದೂ ನಡೆಯುವುದಿಲ್ಲ.

ನಿಮ್ಮ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಕಂಡುಬಂದದ್ದು, ಅಲ್ಲಿನವರ ಚರ್ಮ ಕೆಟ್ಟದ್ದು ನಿಮಗೂ ಗೊತ್ತಿರಬಹುದು. ಆರ್ಸೆನಿಕ್ ಚರ್ಮದ ಕ್ಯಾನ್ಸರ್ ತರಬಲ್ಲದು. ಅಪ್ಪನವರ ಅಂಗೈಗಳಲ್ಲಿ ಗಟ್ಟಿಯಾದ ಸಣ್ಣ ಗಂಟುಗಳಿವೆಯೇ, ಮೈಮೇಲೆ ಮಳೆಹನಿ ಬಿದ್ದಂತೆ ಕಪ್ಪು ಚುಕ್ಕೆಗಳಿವೆಯೇ ನೋಡಿ. ಇದ್ದರೆ, ಮನೆಯವರೆಲ್ಲ ಯಾವ ನೀರು ಕುಡಿಯುತ್ತೀರಿ ಎಂಬುದನ್ನೂ ವೈದ್ಯರಿಗೆ ಹೇಳಿ.